ಉಕ್ಕಿನ ಮೇಲಿನ ಶಾಸನ

ಸೇನೆಯಿಂದ ನಿವೃತ್ತವಾದ ರೈಫಲ್ಲೊಂದನ್ನು ಕೊಳ್ಳುವ, ಓದುವ ಬಗೆ

ಯುದ್ಧ ಮುಗಿದ ಮೇಲೆ ಯೋಧನು ಮನೆಗೆ ಮರಳುತ್ತಾನೆ. ಅವನ ಹೆಗಲ ಮೇಲಿದ್ದ ಬಂದೂಕು ಎಲ್ಲಿಗೆ ಮರಳಬೇಕು? ಅದಕ್ಕೆ ಮನೆಯಿಲ್ಲ, ನಿವೃತ್ತಿ ವೇತನವಿಲ್ಲ. ಶಸ್ತ್ರಾಗಾರದವರು ಅದಕ್ಕೆ ದಪ್ಪನಾಗಿ ಗ್ರೀಸು ಬಳಿದು, ಕಾಗದ ಸುತ್ತಿ, ಮರದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಹೊಸ ನಮೂನೆಯ ಆಯುಧ ಬಂದು ಹಳೆಯದು ಬೇಡವಾದ ದಿನ ಸರಕಾರವು ಆ ಪೆಟ್ಟಿಗೆಗಳನ್ನು ಸಗಟಾಗಿ ವ್ಯಾಪಾರಿಗೆ ಮಾರಿಬಿಡುತ್ತದೆ. ಕೆಲವು ಕುಲುಮೆಗೆ ಬಿದ್ದು ಕರಗುತ್ತವೆ. ಕೆಲವು ಹಡಗನ್ನೇರಿ, ತಾವೆಂದೂ ಕಾಣದ ದೇಶದ ಅಂಗಡಿಯ ಗೋಡೆಗೆ ಒರಗಿ ನಿಲ್ಲುತ್ತವೆ.

ಹೀಗೆ ಬಂದ ಬಂದೂಕನ್ನು ಕೊಳ್ಳುವವರು ಯಾರು? ಬೇಟೆಗಾರರುಂಟು, ಗುರಿಯ ಹವ್ಯಾಸಿಗಳುಂಟು. ಅವರಿಬ್ಬರಿಗಿಂತ ಬೇರೆಯಾದ ಮೂರನೆಯ ಬಗೆಯವರೂ ಉಂಟು, ಅವರು ಸಂಗ್ರಾಹಕರು. ಹಳೆಯ ನಾಣ್ಯವನ್ನು ಕೂಡಿಡುವವನು ಅದರಿಂದ ಸಾಮಾನು ಕೊಳ್ಳಲು ಹೋಗುವುದಿಲ್ಲ. ಅದರ ಮೇಲಿನ ಅಕ್ಷರವನ್ನು ಓದಬಯಸುತ್ತಾನೆ. ಹಳೆಯ ಸೈನಿಕ ರೈಫಲ್ಲುಗಳ ಸಂಗ್ರಾಹಕನ ಆಸೆಯೂ ಅಂಥದೇ. ಆದರೆ ಒಂದು ಭೇದವಿದೆ. ನಾಣ್ಯವನ್ನು ತಪ್ಪಾಗಿ ಓದಿದರೆ ಹಣ ಹೋಗುತ್ತದೆ. ಬಂದೂಕನ್ನು ತಪ್ಪಾಗಿ ಓದಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಇಂಥ ಬಂದೂಕುಗಳ ದೊಡ್ಡ ಪೇಟೆ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ಸಂಗ್ರಾಹಕರಿಗೆ ಚಿರಪರಿಚಿತವಾದ ರೈಫಲ್ಲುಗಳಲ್ಲಿ ಒಂದರ ಮೈಮೇಲೆ ಬಂಗಾಳದ ಒಂದು ಊರಿನ ಹೆಸರು ಅಚ್ಚೊತ್ತಿದೆ. ಆ ಊರು ಇಷಾಪುರ. ಆ ರೈಫಲ್ಲು ಲೀ-ಎನ್‌ಫೀಲ್ಡ್. ನಮ್ಮ ನಾಡಿನ ಪೊಲೀಸ್ ಠಾಣೆಗಳಲ್ಲಿಯೂ ಖಜಾನೆಯ ಬಾಗಿಲುಗಳಲ್ಲಿಯೂ ಎಷ್ಟೋ ದಶಕಗಳ ಕಾಲ ಕಾವಲು ನಿಂತ ‘ತ್ರೀ ನಾಟ್ ತ್ರೀ’ ಎಂದರೆ ಎಲ್ಲರಿಗೂ ಗುರುತು ಹತ್ತೀತು.

ವಂಶಾವಳಿ

ಈ ರೈಫಲ್ಲಿನ ಹೆಸರಿನಲ್ಲಿ ಒಬ್ಬ ಮನುಷ್ಯನೂ ಒಂದು ಊರೂ ಕೂಡಿಕೊಂಡಿವೆ. ಮನುಷ್ಯನು ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಯಂತ್ರಶಿಲ್ಪಿ. ತೋಟಾಗಳನ್ನು ಒಂದರ ಮೇಲೊಂದಾಗಿ ಪೆಟ್ಟಿಗೆಯಲ್ಲಿ ತುಂಬಿ ಬಂದೂಕಿನ ಕೆಳಗೆ ಸಿಕ್ಕಿಸುವ ಏರ್ಪಾಡನ್ನೂ, ಬಾಗಿಲ ಅಗುಳಿಯಂತೆ ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ನೂಕುವ ಬೋಲ್ಟನ್ನೂ ಹೊಂದಿಸಿ ರೂಪಿಸಿದವನು ಅವನೇ. ಊರು ಲಂಡನ್ನಿನ ಸಮೀಪದ ಎನ್‌ಫೀಲ್ಡ್. ಅಲ್ಲಿನ ಸರಕಾರಿ ಶಸ್ತ್ರ ಕಾರ್ಖಾನೆ 1988ರಲ್ಲಿ ಬಾಗಿಲು ಮುಚ್ಚಿತು. ಭಾರತೀಯರಿಗೆ ಆ ಊರಿನ ಹೆಸರು ಹೊಸದಲ್ಲ. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾಗಳು ಎನ್‌ಫೀಲ್ಡಿನ ಇನ್ನೂ ಹಳೆಯ ಬಂದೂಕೊಂದರವು. ಆ ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಸೈಕಲ್ ಕಂಪನಿಯೊಂದು ಅದರ ಹೆಸರನ್ನೇ ತಾನಿಟ್ಟುಕೊಂಡಿತು. ಇಂದು ನಮ್ಮ ರಸ್ತೆಗಳಲ್ಲಿ ಗುಡುಗುವ ‘ರಾಯಲ್ ಎನ್‌ಫೀಲ್ಡ್’ ಬುಲೆಟ್ ಗಾಡಿಯ ಹೆಸರು ಬಂದುದು ಹಾಗೆ.

1895ರಲ್ಲಿ ಮೊದಲ ಲೀ-ಎನ್‌ಫೀಲ್ಡ್ ಸೇನೆಗೆ ಬಂದಿತು. 1907ರಲ್ಲಿ ಅದರ ಗಿಡ್ಡ ರೂಪವಾದ ‘ಮಾರ್ಕ್ 3’ ಸಿದ್ಧವಾಯಿತು. ಉದ್ದ ಸುಮಾರು ಮೂರು ಮುಕ್ಕಾಲು ಅಡಿ, ತೂಕ ಸುಮಾರು 4 ಕಿಲೋಗ್ರಾಂ, ಮ್ಯಾಗಸಿನ್ನಿನಲ್ಲಿ 10 ತೋಟಾ. ನಳಿಗೆಯ ರಂಧ್ರದ ಅಳತೆ ಅಂಗುಲದ ಸಾವಿರದಲ್ಲಿ 303 ಪಾಲು. ‘ತ್ರೀ ನಾಟ್ ತ್ರೀ’ ಎಂಬ ಹೆಸರಿನ ಮೂಲ ಇದೇ. ನಿಮಿಷಕ್ಕೆ 15 ಗುಂಡುಗಳನ್ನು ಗುರಿಯಿಟ್ಟು ಹೊಡೆಯುವುದು ಅಂದಿನ ಬ್ರಿಟಿಷ್ ಸೈನಿಕನ ಶಿಕ್ಷಣದ ಅಳತೆಗೋಲಾಗಿತ್ತು. 1914ರ ಮಹಾಯುದ್ಧ ಬಂದಾಗ ಒಂದೊಂದು ರೈಫಲ್ಲಿಗೂ ಹೆಚ್ಚು ಹೊತ್ತು ಕೊಡುವ ವ್ಯವಧಾನ ಉಳಿಯಲಿಲ್ಲ. ಕೆಲವು ಸೂಕ್ಷ್ಮ ಭಾಗಗಳನ್ನು ಕೈಬಿಟ್ಟು ಸರಳಗೊಳಿಸಿದ ರೂಪಕ್ಕೆ ‘ಮಾರ್ಕ್ 3’ರ ಮುಂದೆ ಒಂದು ನಕ್ಷತ್ರದ ಗುರುತನ್ನು ಹಾಕಿದರು. ಆ ಪುಟ್ಟ ನಕ್ಷತ್ರದಲ್ಲಿ ಒಂದು ಸಾಮ್ರಾಜ್ಯದ ಅವಸರವೇ ಅಡಗಿದೆ.

ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿರುವ ಇಷಾಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿಯೇ ಮದ್ದಿನ ಕಾರ್ಖಾನೆಯಿತ್ತು. 1904ರಲ್ಲಿ ಅಲ್ಲಿ ರೈಫಲ್ ಕಾರ್ಖಾನೆ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡು ‘ನಂಬರ್ 4’ ಎಂಬ ಹೊಸ ನಮೂನೆಗೆ ಹೊರಳಿದರೂ ಇಷಾಪುರವು ಹಳೆಯ ನಮೂನೆಯನ್ನೇ ತಯಾರಿಸುತ್ತ ಹೋಯಿತು, ಸ್ವಾತಂತ್ರ್ಯಾನಂತರವೂ ತಯಾರಿಸಿತು. 1962ರ ಚೀನಾ ಯುದ್ಧದ ಬಳಿಕ ಅದೇ ಶರೀರವನ್ನು ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ ಕಡೆದು, 7.62 ಮಿಲಿಮೀಟರಿನ ಹೊಸ ತೋಟಾಕ್ಕೆ ಹೊಂದಿಸಿ, ‘2ಎ’ ಮತ್ತು ‘2ಎ1’ ಎಂಬ ರೈಫಲ್ಲುಗಳನ್ನು ಹೊರತಂದಿತು. ಹಳೆಯ ತ್ರೀ ನಾಟ್ ತ್ರೀಯನ್ನೇ ಕೊರೆದು ಮಾಡಿದವು ಇವು ಎಂದು ಅಮೆರಿಕದ ಎಷ್ಟೋ ಜನ ನಂಬಿದ್ದುಂಟು, ಅದು ತಪ್ಪು. ಇವು ಹೊಸದಾಗಿಯೇ ಹುಟ್ಟಿದವು.

ಇಪ್ಪತ್ತು ಡಾಲರಿನ ಕೂಪನ್

ಸೈನಿಕ ರೈಫಲ್ಲೊಂದು ನಾಗರಿಕನ ಕೈ ಸೇರುವುದು ಒಂದು ಕಾಲಕ್ಕೆ ಅಮೆರಿಕದಲ್ಲಿ ಬಹು ಸುಲಭವಾಗಿತ್ತು. ಯೂರೋಪಿನ ಸೇನೆಗಳು ಎರಡನೆಯ ಮಹಾಯುದ್ಧದ ಆಯುಧಗಳನ್ನು ಕಳಚಿ ಹಾಕುತ್ತಿದ್ದ 1950ರ ದಶಕದಲ್ಲಿ ಅವನ್ನು ರಾಶಿಗಟ್ಟಲೆ ಕೊಂಡು ತಂದ ವ್ಯಾಪಾರಿಗಳಿದ್ದರು. ಸ್ಯಾಮ್ಯುಅಲ್ ಕಮಿಂಗ್ಸ್ ಎಂಬಾತನು 1953ರಲ್ಲಿ ಆರಂಭಿಸಿದ ‘ಇಂಟರ್‌ಆರ್ಮ್ಸ್’ ಸಂಸ್ಥೆಯ ಉಗ್ರಾಣಗಳು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಡದಲ್ಲಿ ತುಂಬಿ ನಿಂತಿದ್ದವು. ಪತ್ರಿಕೆಯ ಜಾಹೀರಾತಿನಿಂದ ಕೂಪನ್ನನ್ನು ಕತ್ತರಿಸಿ, ಹಣದೊಡನೆ ಅಂಚೆಗೆ ಹಾಕಿದರೆ ಸಾಕು. ಬಂದೂಕು ಅಂಚೆಯಲ್ಲಿಯೇ ಬರುತ್ತಿತ್ತು.

1963ರ ಮಾರ್ಚಿಯಲ್ಲಿ ಶಿಕಾಗೋ ನಗರದ ಕ್ಲೈನ್ಸ್ ಎಂಬ ಕ್ರೀಡಾಸಾಮಗ್ರಿಯ ಅಂಗಡಿಗೆ ಅಂಥದೊಂದು ಕೂಪನ್ ಬಂದಿತು. ಕೇಳಿದ್ದು ಇಟಲಿಯ ಸೇನೆ ಬಿಟ್ಟ ಕಾರ್ಕಾನೋ ರೈಫಲ್, ದೂರದರ್ಶಕ ಸಹಿತ. ಬೆಲೆ 19 ಡಾಲರ್ 95 ಸೆಂಟು, ಸಾಗಣೆ ಸೇರಿ 21 ಡಾಲರ್ 45 ಸೆಂಟು. ಕೊಂಡವನ ಹೆಸರು ‘ಎ. ಹೈಡೆಲ್’ ಎಂದಿತ್ತು. ಅದು ಸುಳ್ಳು ಹೆಸರು. ಕೊಂಡವನು ಲೀ ಹಾರ್ವೆ ಆಸ್ವಾಲ್ಡ್. ಆ ವರ್ಷದ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಯಿತು. ಕಟ್ಟಡವೊಂದರ ಆರನೆಯ ಅಂತಸ್ತಿನಲ್ಲಿ ದೊರೆತ ರೈಫಲ್ಲಿನ ಮೇಲೆ ‘ಸಿ 2766’ ಎಂಬ ಸಂಖ್ಯೆಯಿತ್ತು. ತನಿಖೆಯವರು ಆ ಸಂಖ್ಯೆಯ ಜಾಡು ಹಿಡಿದು ಅಂಗಡಿಯ ಲೆಕ್ಕಕ್ಕೂ, ಅಲ್ಲಿಂದ ಕೂಪನ್ನಿನ ಕೈಬರಹಕ್ಕೂ ಬಂದು ಮುಟ್ಟಿದರು. ಉಕ್ಕಿನ ಮೇಲಿನ ನಾಲ್ಕು ಅಂಕೆಗಳು ಎಷ್ಟು ಮಾತನಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1968ರ ಕಾಯಿದೆಯು ಅಂಚೆಯ ವ್ಯಾಪಾರಕ್ಕೆ ತಡೆ ಹಾಕಿತು. ಸೇನೆಗಳು ಬಿಟ್ಟ ಬಂದೂಕುಗಳ ಆಮದನ್ನೂ ನಿಲ್ಲಿಸಿತು. 1984ರಲ್ಲಿ ಆ ಬಾಗಿಲು ಅರ್ಧ ತೆರೆಯಿತು: ಪುರಾತನವೆಂದೂ ಸಂಗ್ರಹಯೋಗ್ಯವೆಂದೂ ಪರಿಗಣಿತವಾದವು ಮಾತ್ರ ಬರಬಹುದು. ಮೂಲ ರೂಪದಲ್ಲಿದ್ದು 50 ವರ್ಷ ತುಂಬಿದ ಬಂದೂಕು ಸಾಮಾನ್ಯವಾಗಿ ಆ ವರ್ಗಕ್ಕೆ ಸೇರುತ್ತದೆ. ಈಗ ಅಂಗಡಿಯಲ್ಲಿ ಕೊಳ್ಳುವವನು ನಮೂನೆಯ ಪತ್ರ ತುಂಬಿ, ತನ್ನ ಪೂರ್ವಚರಿತ್ರೆಯ ಪರಿಶೀಲನೆಗೆ ಒಳಗಾಗಬೇಕು. ಸಂಗ್ರಾಹಕನೆಂದು ಪ್ರತ್ಯೇಕ ಪರವಾನಗಿ ಪಡೆದವನಿಗೆ ಇಂಥ ಹಳೆಯ ಬಂದೂಕು ನೇರವಾಗಿ ಮನೆಗೇ ಬರಬಹುದು. ಆದರೆ ಬಂದದ್ದು, ಹೋದದ್ದು ಎಲ್ಲವನ್ನೂ ಅವನು ಪುಸ್ತಕದಲ್ಲಿ ಬರೆದಿಡಬೇಕು. ಆಮದುದಾರನು ತನ್ನ ಹೆಸರನ್ನೂ ಊರನ್ನೂ ಬಂದೂಕಿನ ಉಕ್ಕಿನ ಮೇಲೆ ಕೊರೆಯಬೇಕೆಂಬುದೂ ನಿಯಮ. ಸಂಗ್ರಾಹಕರು ಆ ಹೊಸ ಅಕ್ಷರಗಳನ್ನು ಕಂಡು ಮುಖ ಸಿಂಡರಿಸುತ್ತಾರೆ. ಆದರೆ ಅದೂ ಚರಿತ್ರೆಯ ಒಂದು ಸಾಲೇ ಅಲ್ಲವೆ?

ಗ್ರೀಸಿನ ಕೆಳಗೆ

ಬಂದೂಕು ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಮೆಚ್ಚುವುದಲ್ಲ, ನಂಬದಿರುವುದು. ಅಂಗಡಿಯವನು ಖಾಲಿಯೆಂದರೂ ಖಾಲಿಯೆಂದು ತಿಳಿಯಬಾರದು. ಬಾಯನ್ನು ಜನವಿಲ್ಲದ ದಿಕ್ಕಿಗೆ ತಿರುಗಿಸಿ, ಕುದುರೆಯಿಂದ ಬೆರಳನ್ನು ದೂರವಿಟ್ಟು, ಮ್ಯಾಗಸಿನ್ನನ್ನು ಕಳಚಿ, ಅಗುಳಿಯನ್ನು ಪೂರ್ತಿ ಹಿಂದಕ್ಕೆಳೆದು, ತೋಟಾ ಕೂರುವ ಗೂಡನ್ನು ಕಣ್ಣಿನಿಂದ ನೋಡಿ, ಅನಂತರ ಬೆರಳಿನಿಂದಲೂ ಮುಟ್ಟಿ ನೋಡಬೇಕು. ದಶಕಗಳ ಗ್ರೀಸು ಅಲ್ಲಿ ಏನನ್ನು ಮುಚ್ಚಿಟ್ಟಿದೆಯೋ ಬಲ್ಲವರಾರು?

ಅಮೆರಿಕದವರು ‘ಕಾಸ್ಮೊಲಿನ್’ ಎನ್ನುವ ಈ ಗ್ರೀಸು ಮೊದಮೊದಲು ಜೇನಿನಂತಿದ್ದು ಕಾಲಕ್ರಮದಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆಯಬಾರದು. ಬಿಸಿಗೂ ತಕ್ಕ ದ್ರಾವಕಕ್ಕೂ ಅದು ತಾನಾಗಿ ಕರಗಬೇಕು. ಮರ ಕುಡಿದ ಎಣ್ಣೆ ಬಿಸಿಲಿಗಿಟ್ಟಾಗ ಬೆವರಿನಂತೆ ಹೊರಬರುತ್ತದೆ. ಅದನ್ನು ದಿನದಿನವೂ ಒರೆಸಬೇಕು. ಈ ಕೆಲಸಕ್ಕೆ ವಾರಗಳೇ ಹಿಡಿಯುವುದುಂಟು. ಬುಡದಲ್ಲಿನ ಹಿತ್ತಾಳೆಯ ಪುಟ್ಟ ಬಾಗಿಲನ್ನು ತೆರೆದರೆ ಒಂದು ಗೂಡು ಕಾಣುತ್ತದೆ. ಸೈನಿಕನ ಎಣ್ಣೆಯ ಬುಡ್ಡಿಗೂ, ನಳಿಗೆಯನ್ನು ಒರೆಸಲು ತೂಕದ ಗುಂಡು ಕಟ್ಟಿದ ಹುರಿಗೂ ಅದು ಸ್ಥಳ. ಅವು ಇನ್ನೂ ಅಲ್ಲಿಯೇ ಇದ್ದರೆ ಅದು ಸಂಗ್ರಾಹಕನ ಭಾಗ್ಯ.

ಕಿರೀಟ, ಬಾಣ, ಸಿಂಹ

ಗ್ರೀಸು ಹೋದ ಮೇಲೆ ಓದುವ ಕೆಲಸ. ಬುಡದ ಮರವೂ ಉಕ್ಕಿನ ಶರೀರವೂ ಕೂಡುವೆಡೆ ಒಂದು ಉಕ್ಕಿನ ಪಟ್ಟಿಯಿದೆ. ಅದರ ಬಲಮಗ್ಗುಲೇ ಈ ರೈಫಲ್ಲಿನ ಶಾಸನಫಲಕ. ಮೇಲೆ ಕಿರೀಟ, ಅದರ ಕೆಳಗೆ ದೊರೆಯ ಹೆಸರಿನ ಅಕ್ಷರ, ಅನಂತರ ಕಾರ್ಖಾನೆ, ವರ್ಷ, ನಮೂನೆ. ನಮ್ಮ ಶಿಲಾಶಾಸನಗಳಲ್ಲಿ ರಾಜನ ಬಿರುದು, ಸಂವತ್ಸರ, ಬರೆದವನ ಹೆಸರು ಬರುವಂತೆಯೇ ಇಲ್ಲಿಯೂ ಒಂದು ಕ್ರಮವಿದೆ. ‘ವಿ.ಆರ್.’ ಎಂದರೆ ವಿಕ್ಟೋರಿಯಾ ರಾಣಿ, ‘ಇ.ಆರ್.’ ಎಂದರೆ ಎಡ್ವರ್ಡ್ ದೊರೆ, ‘ಜಿ.ಆರ್.’ ಎಂದರೆ ಜಾರ್ಜ್. ಇಷಾಪುರದ ರೈಫಲ್ಲುಗಳಲ್ಲಿ ಇನ್ನೊಂದು ಅಕ್ಷರ ಹೆಚ್ಚಾಗಿ ‘ಜಿ.ಆರ್.ಐ.’ ಎಂದಿರುತ್ತದೆ. ಆ ಕಡೆಯ ಅಕ್ಷರ ಚಕ್ರವರ್ತಿ ಎಂಬರ್ಥದ ಲ್ಯಾಟಿನ್ ಪದದ್ದು. ಇಂಗ್ಲೆಂಡಿನಲ್ಲಿ ರಾಜನಾಗಿದ್ದವನು ಭಾರತಕ್ಕೆ ಚಕ್ರವರ್ತಿಯಾಗಿದ್ದನು; ಒಂದಕ್ಷರದಲ್ಲಿ ಆ ಸಂಬಂಧವೆಲ್ಲ ಅಚ್ಚಾಗಿದೆ. 1948ರಲ್ಲಿ ಆ ಬಿರುದು ರದ್ದಾಯಿತು. ಗಣರಾಜ್ಯದ ರೈಫಲ್ಲುಗಳಲ್ಲಿ ಕಿರೀಟವಿದ್ದೆಡೆ ಅಶೋಕನ ಸಿಂಹಗಳು ಬಂದು ಕುಳಿತವು. ಕಾರ್ಖಾನೆಯ ಹೆಸರು ‘ಆರ್.ಎಫ್.ಐ.’ ಎಂಬ ಮೂರಕ್ಷರಕ್ಕೆ ಇಳಿಯಿತು. ಯಂತ್ರ ಅದೇ, ಊರು ಅದೇ, ಒಡೆಯ ಬದಲಾದನು.

ಅಲ್ಲಿಂದ ಮುಂದೆ ಸಣ್ಣ ಗುರುತುಗಳು. ಅಗಲವಾದ ಬಾಣದ ತುದಿ ಬ್ರಿಟಿಷ್ ಸರಕಾರದ ಸೊತ್ತಿನ ಮುದ್ರೆ. ಭಾರತದ ಸೇನೆಯ ಸೊತ್ತಾದರೆ ಬಾಣದೊಡನೆ ‘ಐ’ ಅಕ್ಷರ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ, ಸರಕಾರವು ಅದನ್ನು ಮಾರಿ ಕೈತೊಳೆದುಕೊಂಡಿತೆಂದು ಅರ್ಥ. ‘ಎಫ್.ಟಿ.ಆರ್.’ ಎಂದೂ ಒಂದು ವರ್ಷವೂ ಇದ್ದರೆ, ಆ ವರ್ಷ ಕಾರ್ಖಾನೆಗೆ ಮರಳಿ ಪೂರ್ತಿ ದುರಸ್ತಾಯಿತೆಂದು ಅರ್ಥ. ಅಮೆರಿಕದಲ್ಲಿ ತಯಾರಾಗಿ 1941ರ ನಂತರ ಸಾಲದ ಒಪ್ಪಂದದ ಮೇಲೆ ಬ್ರಿಟನ್ನಿಗೆ ಹೋದ ‘ನಂಬರ್ 4’ಗಳ ಮೇಲೆ ‘ಯು.ಎಸ್. ಪ್ರಾಪರ್ಟಿ’ ಎಂದಿದೆ. ಸಾಗರವನ್ನು ಒಮ್ಮೆ ಸೈನಿಕನಾಗಿ ದಾಟಿ, ಮತ್ತೊಮ್ಮೆ ಸರಕಾಗಿ ದಾಟಿ, ಹುಟ್ಟಿದ ನಾಡಿಗೇ ಮರಳಿದವೂ ಅವುಗಳಲ್ಲಿ ಉಂಟು.

ಇಷಾಪುರದ ರೈಫಲ್ಲನ್ನು ಅಕ್ಷರ ಓದದೆಯೂ ಗುರುತಿಸಬಹುದು. ಮುಂಭಾಗದ ಮರ ಸೀಳದಂತೆ ಅಡ್ಡಲಾಗಿ ಹಾಕಿದ ಒಂದು ತಿರುಪುಮೊಳೆ ಅದರ ಗುರುತು. ಕೆಲವಕ್ಕೆ ನಳಿಗೆಯ ಸುತ್ತಿನ ಮರಕ್ಕೆ ತಂತಿಯನ್ನು ಒತ್ತಾಗಿ ಸುತ್ತಿ ಬಿಗಿದಿದೆ. ಅವು ಬಾಯಿಗೆ ಲೋಹದ ಬಟ್ಟಲು ಸಿಕ್ಕಿಸಿ ಕೈಬಾಂಬನ್ನು ಎಸೆಯುತ್ತಿದ್ದ ಬಂದೂಕುಗಳು. ಆ ಒದೆತಕ್ಕೆ ಮರ ಒಡೆಯದಿರಲೆಂದು ಆ ಕಟ್ಟು. ‘ಡಿ.ಪಿ.’ ಎಂದಿದ್ದರೆ ಅದು ಕವಾಯತಿಗೆ ಮಾತ್ರ ಎಂಬ ತೀರ್ಪು. ಕಾಲೇಜಿನ ಮೈದಾನದಲ್ಲಿ ಎನ್.ಸಿ.ಸಿ. ಉಡುಪಿನಲ್ಲಿ ನಿಂತು ಬೆಳಗ್ಗೆ ಬೆಳಗ್ಗೆ ಹೆಗಲು ನೋಯಿಸಿಕೊಂಡವರಿಗೆ ಈ ಎರಡಕ್ಷರ ನೆನಪಿರಬೇಕು. ಸವೆದು ಗುಂಡು ಹಾರಿಸಲು ಯೋಗ್ಯವಲ್ಲವೆಂದು ಸೇನೆ ತಳ್ಳಿದ ರೈಫಲ್ಲು ಅದು. ಆ ಅಕ್ಷರಗಳನ್ನು ಉಜ್ಜಿ ಅಳಿಸಿ ಒಳ್ಳೆಯ ಬಂದೂಕೆಂದು ಮಾರಿದ ಉದಾಹರಣೆಗಳುಂಟು. ಅಳಿಸಿದ ಜಾಗವು ತಗ್ಗಾಗಿ, ಸುತ್ತಲಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಪರೀಕ್ಷಕನ ಬೆರಳು ಅಲ್ಲಿ ನಿಲ್ಲಬೇಕು.

ಕೂಟಶಾಸನಗಳು

ಶಾಸನವಿದ್ದಲ್ಲಿ ಕೂಟಶಾಸನವೂ ಇರುತ್ತದೆ. ಯಾವನೋ ಬಹು ಹಿಂದಿನ ಅರಸನು ಕೊಟ್ಟನೆಂದು ಮುಂದಿನ ಕಾಲದವರು ಕೆತ್ತಿಸಿಕೊಂಡ ತಾಮ್ರಪಟಗಳನ್ನು ವಿದ್ವಾಂಸರು ಲಿಪಿಯಿಂದಲೂ ತಿಥಿಯಿಂದಲೂ ಹಿಡಿದುಹಾಕುವುದುಂಟು. ರೈಫಲ್ಲುಗಳ ಲೋಕದಲ್ಲಿ ಇದಕ್ಕೆ ಸರಿಸಮನಾದುದು ಖೈಬರ್ ಕಣಿವೆಯ ಸುತ್ತಲಿನ ಕೈಕೆಲಸ. ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಮ್ ಖೇಲ್ ಎಂಬ ಊರಿನ ಕುಶಲಕರ್ಮಿಗಳು ಸಣ್ಣ ಅಂಗಡಿಗಳಲ್ಲಿ ಕುಳಿತು ಲೀ-ಎನ್‌ಫೀಲ್ಡನ್ನು ಕಣ್ಣಳತೆಯಿಂದಲೇ ನಕಲು ಮಾಡುವುದರಲ್ಲಿ ಪ್ರಸಿದ್ಧರು. ಕಿರೀಟವನ್ನೂ ಅಕ್ಷರಗಳನ್ನೂ ಅವರು ಬಿಡಲಿಲ್ಲ. ಆದರೆ ಇಂಗ್ಲಿಷ್ ಓದದ ಕೈ ಕೆಲವೊಮ್ಮೆ ಅಕ್ಷರವನ್ನು ತಿರುವುಮುರುವಾಗಿ ಕೊರೆಯಿತು, ಕಾಗುಣಿತ ತಪ್ಪಿತು. ‘ವಿ.ಆರ್.’ ಎಂದು ಬರೆದು 1901ಕ್ಕಿಂತ ಎಷ್ಟೋ ಈಚಿನ ವರ್ಷವನ್ನು ಕೊರೆದ ಬಂದೂಕುಗಳಿವೆ. ಸತ್ತ ರಾಣಿ ತನ್ನ ಹೆಸರಿನ ಬಂದೂಕನ್ನು ಹೊರಡಿಸುವಳೆ?

2001ರ ನಂತರ ಆಫ್ಘಾನಿಸ್ತಾನಕ್ಕೆ ಹೋದ ಅಮೆರಿಕದ ಸೈನಿಕರು ಇಂಥವನ್ನು ನೆನಪಿನ ಕಾಣಿಕೆಯೆಂದು ಕೊಂಡು ತಂದರು. ಕೈಚಳಕಕ್ಕೆ ತಲೆದೂಗಲೇಬೇಕು. ಆದರೆ ಅದರ ಉಕ್ಕು ಎಲ್ಲಿಂದ ಬಂದಿತು, ಎಷ್ಟು ಹದವಾಯಿತು ಎಂಬುದಕ್ಕೆ ಪ್ರಮಾಣವಿಲ್ಲ. ಅದನ್ನು ಗೋಡೆಗೆ ತೂಗುಹಾಕಬಹುದು. ತೋಟಾ ತುಂಬುವುದು ಆತ್ಮಘಾತಕ. ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ರೈಫಲ್ಲಿಗಾದರೋ ಅಲ್ಲಿನ ಪರೀಕ್ಷಾಲಯವು ಹೆಚ್ಚು ಒತ್ತಡದ ತೋಟಾ ಹಾರಿಸಿ ನೋಡಿ ಮುದ್ರೆಯೊತ್ತುತ್ತದೆ. ತ್ರೀ ನಾಟ್ ತ್ರೀಗಳ ನಳಿಗೆಯ ಮೇಲೆ ಕಾಣುವ ‘2.222’ ಎಂಬುದು ತೋಟಾದ ಕೊಳವೆಯ ಉದ್ದ, ಅಂಗುಲಗಳಲ್ಲಿ, ‘18.5 ಟನ್’ ಎಂಬುದು ಒತ್ತಡದ ಅಳತೆ.

ವಂಚನೆ ಕಣಿವೆಯದು ಮಾತ್ರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಆಯ್ದ ‘ನಂಬರ್ 4’ಗಳಿಗೆ ದೂರದರ್ಶಕವನ್ನು ಹೊಂದಿಸಿ ಗುರಿಕಾರರಿಗೆ ಕೊಡುತ್ತಿದ್ದರು, ಅವಕ್ಕೆ ‘ಟಿ’ ಎಂಬ ಗುರುತು. ಇಂದು ಅವುಗಳ ಬೆಲೆ ಸಾಧಾರಣ ರೈಫಲ್ಲಿನ ಬೆಲೆಯ ಹಲವು ಪಟ್ಟು. ಒಂದಕ್ಷರ ಕೊರೆದರೆ ಅಷ್ಟು ಹಣ ಬರುವುದಾದರೆ ಕೊರೆಯುವ ಕೈಗಳು ಇರದಿರುತ್ತವೆಯೆ?

ಎರಡು ಮೂರು ಹಾಳೆಯ ದಪ್ಪ

ಅಕ್ಷರಗಳ ಬಳಿಕ ಅಂಕೆಗಳು. ರೈಫಲ್ಲಿನ ಕ್ರಮಸಂಖ್ಯೆಯನ್ನು ಶರೀರದ ಮೇಲೆ, ನಳಿಗೆಯ ಮೇಲೆ, ಅಗುಳಿಯ ಹಿಡಿಯ ಬೆನ್ನಿನ ಮೇಲೆ, ಮೂತಿಯ ಕವಚದ ಮೇಲೆ ಹಾಕುತ್ತಿದ್ದರು. ಎಲ್ಲವೂ ಒಂದೇ ಆಗಿದ್ದರೆ ಬೆಲೆ ಏರುತ್ತದೆ. ಆದರೆ ಸಂಖ್ಯೆ ಕೂಡುವುದು ಬೆಲೆಯ ಪ್ರಶ್ನೆ ಮಾತ್ರವಲ್ಲ. ಲೀ-ಎನ್‌ಫೀಲ್ಡಿನ ಅಗುಳಿ ತನ್ನ ಹಿಂಭಾಗದಲ್ಲಿ ಶರೀರಕ್ಕೆ ಕಚ್ಚಿಕೊಳ್ಳುತ್ತದೆ. ಒಂದೊಂದು ಅಗುಳಿಯನ್ನೂ ಒಂದೊಂದು ಶರೀರಕ್ಕೆ ಕೈಯಿಂದ ಹೊಂದಿಸಿ ಕೂರಿಸುತ್ತಿದ್ದರು. ಶಸ್ತ್ರಾಗಾರಗಳಲ್ಲಿ ಭದ್ರತೆಗಾಗಿ ಅಗುಳಿಗಳನ್ನು ಬೇರೆಯಿಟ್ಟು, ಮಾರುವಾಗ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸಿದ್ದರೆ, ಒಬ್ಬನ ಬೀಗಕ್ಕೆ ಇನ್ನೊಬ್ಬನ ಕೀಲಿಯಾಗುತ್ತದೆ.

ಆಗ ಅಗುಳಿಯ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ ಇರುವ ತೆರವು ಮುಖ್ಯವಾಗುತ್ತದೆ. ತೋಟಾದ ಅಂಚು ಕೂರುವುದು ಆ ತೆರವಿನಲ್ಲಿ. ಸೇನೆಯ ಬಂದೂಕು ರಿಪೇರಿಗಾರನ ಬಳಿ ಅದಕ್ಕೆಂದೇ ಎರಡು ಅಳತೆಬಿಲ್ಲೆಗಳಿರುತ್ತಿದ್ದವು: ಒಂದು 0.064 ಅಂಗುಲದ್ದು, ಇನ್ನೊಂದು 0.074 ಅಂಗುಲದ್ದು. ಮೊದಲನೆಯದನ್ನಿಟ್ಟು ಅಗುಳಿ ಮುಚ್ಚಬೇಕು, ಎರಡನೆಯದನ್ನಿಟ್ಟು ಮುಚ್ಚಬಾರದು. ಎರಡಕ್ಕೂ ಇರುವ ಅಂತರ ಬರೆಯುವ ಕಾಗದದ ಎರಡು ಮೂರು ಹಾಳೆಗಳ ದಪ್ಪ. ಅದನ್ನು ಮೀರಿ ತೆರವಾಗಿದ್ದರೆ ಗುಂಡು ಹಾರಿದ ಕ್ಷಣ ಹಿತ್ತಾಳೆಯ ಕೊಳವೆ ಹಿಂದಕ್ಕೆ ಎಳೆದು ಬುಡದ ಬಳಿ ಹರಿಯಬಹುದು. ಒಳಗಿನ ಕಾದ ಅನಿಲ ಹೊಡೆಯುವವನ ಮುಖದತ್ತ ನುಗ್ಗಬಹುದು. ಹೊರಗಿನಿಂದ ನೋಡಿದರೆ ಒಳ್ಳೆಯ ಅಗುಳಿಗೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣದು. ಆದುದರಿಂದಲೇ ಬಲ್ಲವರು ನುರಿತ ಕಮ್ಮಾರನ ಅಳತೆಯಾಗದೆ ಹಳೆಯ ರೈಫಲ್ಲಿಗೆ ತೋಟಾ ತೋರಿಸುವುದಿಲ್ಲ.

ಕಡೆಗೆ ನಳಿಗೆಯ ಒಳಗು. ಅಗುಳಿಯ ತಲೆಯನ್ನು ಮೇಲಕ್ಕೆ ತಿರುಗಿಸಿ ಹೊರಗೆಳೆದರೆ ಹಿಂದಿನಿಂದ ಬೆಳಕಿನತ್ತ ನೋಡಬಹುದು. ಒಳಗೆ ಐದು ಗಾಡಿಗಳು ಎಡಕ್ಕೆ ಸುತ್ತುತ್ತ, 10 ಅಂಗುಲಕ್ಕೊಂದು ಸುತ್ತಿನಂತೆ ಸಾಗುತ್ತವೆ; ಗುಂಡು ಬುಗುರಿಯಂತೆ ತಿರುಗಿ ನೇರ ಹೋಗುವುದು ಇವುಗಳಿಂದ. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಉಪ್ಪಾಗಿ ಗಾಡಿಗಳಲ್ಲಿ ಕುಳಿತು, ಗಾಳಿಯ ತೇವವನ್ನು ಹೀರಿ, ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಉಪ್ಪು ಕರಗದು, ನೀರಿಗೆ ಕರಗುತ್ತದೆ. ಅದಕ್ಕಾಗಿಯೇ ಬ್ರಿಟಿಷ್ ಸೈನಿಕನು ಗುಂಡು ಹಾರಿಸಿದ ದಿನ ನಳಿಗೆಗೆ ಕುದಿನೀರು ಹೊಯ್ಯಬೇಕೆಂಬ ನಿಯಮವಿತ್ತು. ಒಳಗೆ ಕನ್ನಡಿಯಂತೆ ಹೊಳೆದರೆ ಆ ಬಂದೂಕನ್ನು ಹೊತ್ತವನು ದಣಿದ ಸಂಜೆಯಲ್ಲಿಯೂ ನೀರು ಕಾಯಿಸಿದನೆಂದು ತಿಳಿಯಬೇಕು. ಕಪ್ಪು ಗುಳಿಗಳಿದ್ದರೆ ಅವನು ಸೋಮಾರಿಯೋ, ಅವನಿಗೆ ಅಂದು ಬೆಂಕಿಯಾಗಲಿ ನೀರಾಗಲಿ ದೊರೆಯಲಿಲ್ಲವೋ ಎಂದು ಊಹಿಸಬೇಕು.

ಮೆರುಗಿನ ಮೋಹ

ಇಷ್ಟೆಲ್ಲ ಓದಿಯಾದ ಮೇಲೆ ಕೊಂಡವನ ಮುಂದೆ ಒಂದು ಪ್ರಲೋಭನೆ ನಿಲ್ಲುತ್ತದೆ. ಮರವನ್ನು ಮರಳುಕಾಗದದಿಂದ ಉಜ್ಜಿ, ಮೆರುಗೆಣ್ಣೆ ಹಚ್ಚಿ, ಉಕ್ಕಿಗೆ ಹೊಸ ನೀಲಿಬಣ್ಣ ಕೊಟ್ಟರೆ ಎಷ್ಟು ಚೆನ್ನ! 1950ರ, 60ರ ದಶಕಗಳಲ್ಲಿ ಅಮೆರಿಕದವರೂ ಕೆನಡದವರೂ ಇದಕ್ಕಿಂತ ಮುಂದೆ ಹೋದರು. ಮುಂಭಾಗದ ಮರವನ್ನು ಗರಗಸದಿಂದ ಕತ್ತರಿಸಿ, ನಳಿಗೆಯನ್ನು ಗಿಡ್ಡ ಮಾಡಿ, ಜಿಂಕೆಯ ಬೇಟೆಗೆ ಹಗುರವಾದ ಕೋವಿಯನ್ನಾಗಿ ಮಾಡಿಕೊಂಡರು. ಅಂದು ಅದು ಹತ್ತಿಪ್ಪತ್ತು ಡಾಲರಿನ ಸರಕು. ಅವರನ್ನು ದೂರಿ ಫಲವಿಲ್ಲ. ಆದರೆ ಹಾಗೆ ಉಜ್ಜಿದಾಗ ಮರದೊಡನೆ ಹೋದದ್ದು ಕಾರ್ಖಾನೆಯ ಪರೀಕ್ಷಕನ ಮುದ್ರೆ, ಶಸ್ತ್ರಾಗಾರದ ಸಂಖ್ಯೆ, ಯಾವನೋ ಸೈನಿಕನು ಬೇಸರದ ಹೊತ್ತಿನಲ್ಲಿ ಚೂರಿಯ ಮೊನೆಯಿಂದ ಗೀರಿದ ತನ್ನ ಹೆಸರಿನ ಮೊದಲಕ್ಷರ. ಹಳೆಯ ದೇಗುಲದ ಕಲ್ಲಿಗೆ ಸುಣ್ಣ ಬಳಿದು ಶಾಸನವನ್ನು ಮುಚ್ಚಿದ ಭಕ್ತಿಯಂಥದೇ ಈ ಪ್ರೀತಿಯೂ. ಒಳ್ಳೆಯ ಸಂಗ್ರಾಹಕನು ತುಕ್ಕನ್ನು ನಿಲ್ಲಿಸುತ್ತಾನೆ, ಒಣಗಿದ ಮರಕ್ಕೆ ಅಗಸೆ ಎಣ್ಣೆ ಕುಡಿಸುತ್ತಾನೆ; ಅದಕ್ಕಿಂತ ಹೆಚ್ಚು ಮಾಡುವುದಿಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. ತ್ರೀ ನಾಟ್ ತ್ರೀ ಸೇನೆಯ ತೋಟಾ ಹಾರಿಸುವ ಬಂದೂಕಾದುದರಿಂದ ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಪರವಾನಗಿಯುಳ್ಳವನಿಗೆಂದು ಸರಕಾರಿ ಕಾರ್ಖಾನೆಗಳು ಅದೇ ಲೀಯ ಅಗುಳಿಯನ್ನಿಟ್ಟುಕೊಂಡು, ರಂಧ್ರವನ್ನು ಮಾತ್ರ ಬದಲಿಸಿ ‘.315’ ಎಂಬ ರೈಫಲ್ಲನ್ನು ತಯಾರಿಸಿದವು. ಸೇನೆಯ ತೋಟಾ ಅದಕ್ಕೆ ಹೊಂದಬಾರದೆಂಬುದೇ ಅದರ ಉದ್ದೇಶ. ಇತ್ತ ಪೊಲೀಸರ ಕೈಯಲ್ಲಿ ತ್ರೀ ನಾಟ್ ತ್ರೀ ಸಲ್ಲಬೇಕಾದುದಕ್ಕಿಂತ ಹೆಚ್ಚು ಕಾಲ ಉಳಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಸ್ವಯಂಚಾಲಿತ ಆಯುಧಗಳನ್ನು ಹಿಡಿದು ಬಂದ ಭಯೋತ್ಪಾದಕರ ಎದುರು ಪೊಲೀಸರ ಕೈಯಲ್ಲಿದ್ದುದು ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದುದು 2020ರ ಗಣರಾಜ್ಯ ದಿನದಂದು.

ಉಕ್ಕಿನ ಮೇಲಿನ ಈ ಶಾಸನದಲ್ಲಿ ದೊರೆಯ ಹೆಸರಿದೆ, ಕಾರ್ಖಾನೆಯ ಹೆಸರಿದೆ. ರಿಪೇರಿಯಾದ ವರ್ಷವಿದೆ, ಮಾರಿದ ಗುರುತಿದೆ. ಕೊನೆಗೆ ಆಮದು ಮಾಡಿದ ವ್ಯಾಪಾರಿಯ ವಿಳಾಸವೂ ಇದೆ. ಇಲ್ಲದಿರುವುದು ಒಂದೇ. ನಮ್ಮ ಹಳ್ಳಿಗಳ ವೀರಗಲ್ಲು ಸತ್ತವನ ಹೆಸರನ್ನು ಹೇಳುತ್ತದೆ. ಈ ಶಾಸನ ಹೇಳುವುದಿಲ್ಲ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ 50 ಸೈನಿಕರು ಇದೇ ತ್ರೀ ನಾಟ್ ತ್ರೀ ರೈಫಲ್ಲುಗಳಿಂದ 1,650 ಗುಂಡುಗಳನ್ನು ಹಾರಿಸಿದರೆಂದು ಜನರಲ್ ಡಯರನೇ ವಿಚಾರಣಾ ಸಮಿತಿಯ ಮುಂದೆ ಹೇಳಿದನು. ಸರಕಾರದ ಲೆಕ್ಕದಲ್ಲಿಯೇ ಸತ್ತವರು 379 ಮಂದಿ. ಆ ಗುಂಡುಗಳ ಗುರುತುಗಳನ್ನು ಇಂದಿಗೂ ಅಲ್ಲಿ ಕಾಪಾಡಿಟ್ಟಿದ್ದಾರೆ. ಅವು ಉಳಿದಿರುವುದು ಗೋಡೆಯ ಇಟ್ಟಿಗೆಗಳ ಮೇಲೆ, ರೈಫಲ್ಲುಗಳ ಮೇಲಲ್ಲ.